ಒಂದೇ ಕಚ್ಚಿನ ಗೂಟ

“ಅಮ್ಮಾ, ಗೆರೆಯ ತುದಿಯಲ್ಲಿ ಒಂದು ಎಂದು ಬರೆಯಬೇಕೋ, ಹಲವು ಎಂದು ಬರೆಯಬೇಕೋ, ಅದು ಹೇಗೆ ತಿಳಿಯುತ್ತದೆ?” ಎಂದು ಶಿಷ್ಯೆ ತನ್ನ ಗುರುಗಳನ್ನು ಕೇಳಿದಳು.

ಅವಳು ಡೇಟಾಬೇಸ್ ಕಟ್ಟುವ ವಿದ್ಯೆ ಕಲಿಯುತ್ತಿದ್ದಳು. ಮಾಹಿತಿಯನ್ನು ಕಂಪ್ಯೂಟರಿಗೆ ತುಂಬುವ ಮೊದಲು ಅದರ ನಕ್ಷೆ ಬರೆಯಬೇಕು. ದಾಖಲಾಗಬೇಕಾದ ಪ್ರತಿಯೊಂದು ಬಗೆಗೂ, ಅದು ಮನುಷ್ಯರಾಗಲಿ ವಸ್ತುವಾಗಲಿ, ಒಂದು ಚೌಕ. ಎರಡು ಚೌಕಗಳ ನಡುವಿನ ಸಂಬಂಧಕ್ಕೆ ಒಂದು ವಜ್ರಾಕೃತಿ. ಅವನ್ನು ಸೇರಿಸಲು ಗೆರೆ. ಗೆರೆಯ ತುದಿಯಲ್ಲಿ, ಇದರ ಒಂದಕ್ಕೆ ಅದರಲ್ಲಿ ಎಷ್ಟು ಎಂಬ ಲೆಕ್ಕ. ಇದನ್ನು ಇ.ಆರ್. ನಕ್ಷೆ ಎನ್ನುತ್ತಾರೆ.

ಆ ದಿನ ಅವಳು ಒಂದು ಶಿಶುವಿಹಾರಕ್ಕಾಗಿ ನಕ್ಷೆ ಬರೆದು ತಂದಿದ್ದಳು. ಒಂದು ಚೌಕದಲ್ಲಿ ಮಗು, ಇನ್ನೊಂದರಲ್ಲಿ ತಾಯಿ. ಒಬ್ಬ ತಾಯಿಗೆ ಹಲವು ಮಕ್ಕಳು, ಒಂದು ಮಗುವಿಗೆ ಒಬ್ಬ ತಾಯಿ. ಗೆರೆಗಳು ನೇರವಾಗಿದ್ದವು. ಅಕ್ಷರ ದುಂಡಾಗಿತ್ತು. ಗುರುಗಳು ಅದನ್ನು ಬಹಳ ಹೊತ್ತು ನೋಡಿದರು. ತಾಯಿಯ ಕಡೆ ಬರೆದಿದ್ದ ‘ಒಂದು’ ಎಂಬುದರ ಸುತ್ತ ಪೆನ್ಸಿಲಿನಿಂದ ಒಂದು ಸುತ್ತು ಎಳೆದರು. “ಈ ಲೆಕ್ಕವನ್ನು ಅಲ್ಲಿನವರನ್ನು ಕೇಳಿಯೇ ಬರೆಯಬೇಕು, ನೀನು ಯಾರನ್ನು ಕೇಳಿದೆ?” ಎಂದರು. ಅದು ಶಿಷ್ಯೆಗೆ ಹಿಡಿಸಲಿಲ್ಲ.

“ಉಳಿದದ್ದನ್ನೆಲ್ಲ ಕೇಳಿ ತಿಳಿಯಬೇಕು, ಒಪ್ಪುತ್ತೇನೆ,” ಎಂದಳು. “ಇದನ್ನೂ ಕೇಳಬೇಕೇ? ಒಂದು ಮಗುವಿಗೆ ಎಷ್ಟು ಜನ ತಾಯಂದಿರು ಎಂದು ಶಿಶುವಿಹಾರಕ್ಕೆ ಹೋಗಿ ಕೇಳಿದರೆ ಅಲ್ಲಿನವರು ನನ್ನನ್ನು ನೋಡಿ ನಗುತ್ತಾರೆ.”

“ನಗುತ್ತಾರೆ,” ಎಂದರು ಗುರುಗಳು. “ಕುಳಿತುಕೋ, ಇಂದುಮತಿ. ಒಂದು ಊರಿನಲ್ಲಿ ಹೀಗೆಯೇ ನಕ್ಕಿದ್ದರು.”

ಆಮೇಲೆ ಅವರು ಈ ಕತೆ ಹೇಳಿದರು.

ಒಂದು ಊರಿಗೆ ಜ್ವರ ಬಂತು. ಬಂದದ್ದು ಬೇಗ ಹೋಗಲಿಲ್ಲ. ಅದು ಹೋಗುವ ಹೊತ್ತಿಗೆ ಕೆಲವು ಮನೆಗಳಲ್ಲಿ ತಾಯಿಯಿಲ್ಲದ ಕೂಸುಗಳಿದ್ದವು. ಕೆಲವು ಮನೆಗಳಲ್ಲಿ ಕೂಸಿಲ್ಲದ ತಾಯಂದಿರಿದ್ದರು.

ಊರ ಗೌಡತಿ ತನ್ನ ದೊಡ್ಡ ಮನೆಯ ಬಾಗಿಲು ತೆಗೆಸಿದಳು. ತಾಯಿಯಿಲ್ಲದ ಕೂಸುಗಳನ್ನು ಅಲ್ಲಿಗೆ ತರಿಸಿದಳು. ಎದೆಯಲ್ಲಿ ಹಾಲಿದ್ದು ಮಡಿಲಲ್ಲಿ ಮಗುವಿಲ್ಲದ ಹೆಂಗಸರು ಬರಬಹುದು ಎಂದು ಡಂಗುರ ಸಾರಿಸಿದಳು. ಹೆಂಗಸರು ಬಂದರು. ಕೆಲವರು ಮಗುವಿಗಾಗಿ ಬಂದರು. ಕೆಲವರು ಎದೆಯ ನೋವು ತಾಳಲಾರದೆ ಬಂದರು.

ಆ ಊರಿನಲ್ಲಿ ಒಂದು ವಾಡಿಕೆ ಇತ್ತು. ಮಗು ಹುಟ್ಟಿ ಅದಕ್ಕೆ ಹೆಸರಿಟ್ಟ ದಿನದಿಂದ ತಾಯಿಯನ್ನು ಯಾರೂ ಅವಳ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಇಂಥ ಮಗುವಿನ ಅವ್ವ ಎಂದು ಕರೆಯುತ್ತಿದ್ದರು. ಗಂಡನೂ ಹಾಗೆಯೇ ಕರೆಯುತ್ತಿದ್ದ, ಅತ್ತೆಯೂ ಹಾಗೆಯೇ ಕರೆಯುತ್ತಿದ್ದಳು. ಕೆಲವು ವರ್ಷ ಕಳೆದರೆ ಅವಳ ಹೆಸರು ಏನಿತ್ತು ಎಂದು ನೆರೆಯವರಿಗೆ ನೆನಪಿರುತ್ತಿರಲಿಲ್ಲ. ಮಗುವನ್ನು ಕಳೆದುಕೊಂಡವಳನ್ನು ಏನೆಂದು ಕರೆಯಬೇಕು ಎಂಬುದಕ್ಕೆ ವಾಡಿಕೆ ಇರಲಿಲ್ಲ. ಅಂಥವಳನ್ನು ಕರೆಯುವುದನ್ನೇ ಜನ ಬಿಡುತ್ತಿದ್ದರು.

ಮೊದಮೊದಲು ದೊಡ್ಡ ಮನೆಯಲ್ಲಿ ಗೊಂದಲವಾಯಿತು. ಒಂದು ಕೂಸಿಗೆ ಇಬ್ಬರು ಹಾಲೂಡಿಸಿದರು. ಇನ್ನೊಂದು ಹಸಿದೇ ಮಲಗಿತು. ಯಾರೋ ಒಬ್ಬ ತನ್ನ ತಂಗಿಯ ಮಗು ಎಂದು ಬೇರೆಯವರ ಮಗುವನ್ನು ಎತ್ತಿಕೊಂಡು ಹೋದ. ಗೌಡತಿ ಪಟ್ಟಣದಿಂದ ಒಬ್ಬ ಕರಣಿಕನನ್ನು ಕರೆಸಿದಳು.

ಕರಣಿಕ ಓದಿದವನು. ಅವಸರದವನಲ್ಲ. ಮೂಲೆಯಲ್ಲಿ ಕುಳಿತು ಯಾರು ಯಾರಿಗೆ ಏನಾಗಬೇಕು ಎಂದು ನೋಡಿದ. ಆಮೇಲೆ ಪಡಸಾಲೆಯ ಉದ್ದ ಗೋಡೆಗೆ ಮಣ್ಣು ಮೆತ್ತಿಸಿದ. ಅದಕ್ಕೆ ಮರದ ಗೂಟಗಳನ್ನು ಹೊಡೆಸುವುದೆಂದು ತೀರ್ಮಾನಿಸಿದ. ಮೇಲಿನ ಸಾಲು ಹೆಂಗಸರದು. ಕೆಳಗಿನ ಸಾಲು ಮಕ್ಕಳದು. ಒಬ್ಬೊಬ್ಬರಿಗೆ ಒಂದೊಂದು ಗೂಟ. ಯಾವ ಮಗುವಿಗೆ ಯಾವ ತಾಯಿಯೋ, ಆ ಗೂಟದಿಂದ ಈ ಗೂಟಕ್ಕೆ ಒಂದು ಕೆಂಪು ದಾರ.

ಮಕ್ಕಳ ಗೂಟದ ಮೇಲೆ ಮಗುವಿನ ಹೆಸರು ಬರೆಯುವುದು. ಹೆಂಗಸರ ಗೂಟದ ಮೇಲೆ ಏನೂ ಬರೆಯುವುದು ಬೇಡ. ಕೇಳಿದರೆ ಅವರು ಹೇಗೂ ಮಗುವಿನ ಹೆಸರನ್ನೇ ಹೇಳುತ್ತಿದ್ದರು. ದಾರ ಹಿಡಿದು ಕೆಳಗೆ ಬಂದರೆ ಆ ಹೆಸರು ಸಿಗುತ್ತದೆ. ಸಿಗುವುದನ್ನು ಮತ್ತೊಮ್ಮೆ ಏಕೆ ಬರೆಯಬೇಕು?

“ಅದು ಸರಿಯಲ್ಲವೇ, ಅಮ್ಮಾ?” ಎಂದು ಶಿಷ್ಯೆ ನಡುವೆ ಬಾಯಿ ಹಾಕಿದಳು. “ಒಂದೇ ಸಂಗತಿಯನ್ನು ಎರಡು ಕಡೆ ಬರೆಯಬಾರದು ಎಂದು ಕಲಿಸಿದವರು ನೀವೇ.”

“ಕಲಿಸಿದ್ದೇನೆ. ಮುಂದೆ ಕೇಳು.”

ಗೂಟ ಕೆತ್ತಲು ಬಡಗಿ ಬಂದ. ದಾರ ಜಾರದ ಹಾಗೆ ಗೂಟದ ಕುತ್ತಿಗೆಗೆ ಕಚ್ಚು ಹಾಕಬೇಕಿತ್ತು. ಒಂದು ಕಚ್ಚಿನಲ್ಲಿ ಒಂದೇ ದಾರ ನಿಲ್ಲುತ್ತದೆ.

“ಹೆಂಗಸರ ಗೂಟಕ್ಕೆ ಎಷ್ಟು ಕಚ್ಚು ಹಾಕಲಿ, ಸ್ವಾಮಿ?” ಎಂದು ಬಡಗಿ ಕೇಳಿದ.

“ಹಿಡಿಸಿದಷ್ಟು ಹಾಕು. ಒಬ್ಬಳಿಗೆ ಎಷ್ಟು ಮಕ್ಕಳಾದರೂ ಇರಬಹುದು.”

“ಮಕ್ಕಳ ಗೂಟಕ್ಕೆ?”

ಕರಣಿಕ ತಲೆಯೆತ್ತಿದ. “ನಿನಗೆ ಎಷ್ಟು ಜನ ತಾಯಂದಿರಯ್ಯಾ?”

“ಒಬ್ಬಳೇ, ಸ್ವಾಮಿ. ಅವಳ ಬೈಗುಳವೇ ನನಗೆ ಈ ಜನ್ಮಕ್ಕೆ ಸಾಕಾಗಿದೆ.”

ಪಡಸಾಲೆಯಲ್ಲಿದ್ದವರೆಲ್ಲ ನಕ್ಕರು. ಹಾಲೂಡಿಸುತ್ತಿದ್ದ ಹೆಂಗಸರೂ ನಕ್ಕರು. ಜ್ವರ ಬಂದ ಮೇಲೆ ಆ ಮನೆಯಲ್ಲಿ ಕೇಳಿದ ಮೊದಲ ನಗು ಅದು. ನಗುತ್ತಲೇ ಬಡಗಿ ಮಕ್ಕಳ ಗೂಟಗಳಿಗೆಲ್ಲ ಒಂದೊಂದೇ ಕಚ್ಚು ಹಾಕಿದ.

ಇಲ್ಲಿ ಶಿಷ್ಯೆಯೂ ನಕ್ಕಳು. ಗುರುಗಳು ಅವಳ ನಗು ಮುಗಿಯುವವರೆಗೆ ಕಾದರು.

ಗೋಡೆಯ ಲೆಕ್ಕ ಚೆನ್ನಾಗಿ ನಡೆಯಿತು. ಇದನ್ನು ಹೇಳದಿದ್ದರೆ ಕತೆಗೆ ಅನ್ಯಾಯವಾಗುತ್ತದೆ. ಅದು ಬಂದ ಮೇಲೆ ಯಾವ ಕೂಸೂ ಹಸಿದು ಮಲಗಲಿಲ್ಲ. ಯಾರ ಮಗುವನ್ನೂ ಬೇರೆಯವರು ಎತ್ತಿಕೊಂಡು ಹೋಗಲಿಲ್ಲ. ಹಗಲು ಕೆಲಸಕ್ಕೆ ಹೋದ ಹೆಂಗಸರು ಸಂಜೆ ಬಂದಾಗ ಬಾಗಿಲ ಕಾವಲುಗಾರ “ಯಾವ ಮಗು?” ಎಂದು ಕೇಳುತ್ತಿದ್ದ. ಗೋಡೆ ನೋಡುತ್ತಿದ್ದ. ದಾರವಿದ್ದವರನ್ನು ಒಳಗೆ ಬಿಡುತ್ತಿದ್ದ. ಬರಬರುತ್ತಾ ಕರಣಿಕನಿಗೆ ಇನ್ನೊಂದು ಯೋಚನೆ ಬಂತು. ಬಾಗಿಲಲ್ಲಿದ್ದವನು ಊರಿನ ಎಲ್ಲರ ಮುಖ ಬಲ್ಲ ಮುದುಕ. ಮುಖ ನೋಡಿ ಒಳಗೆ ಬಿಡುವವನು ಒಂದು ದಿನ ದಾಕ್ಷಿಣ್ಯಕ್ಕೆ ಬಿದ್ದರೆ? ಅವನನ್ನು ಹೊಲದ ಕಾವಲಿಗೆ ಕಳಿಸಿ, ಬೇರೆ ಊರಿನ ಒಬ್ಬನನ್ನು ಬಾಗಿಲಿಗೆ ಹಾಕಿದ. ಗೋಡೆಗೆ ಎಲ್ಲ ಗೊತ್ತಿರುವಾಗ ಕಾವಲುಗಾರನಿಗೆ ಯಾರೂ ಗೊತ್ತಿರಬೇಕಾಗಿಲ್ಲ ಎಂದ. ಗೌಡತಿ ಮೆಚ್ಚಿದಳು.

ಹಾಗೆ ಬಂದ ಹೆಂಗಸರಲ್ಲಿ ಒಬ್ಬಳು ನೇಯ್ಗೆಯವಳು. ಜ್ವರದಲ್ಲಿ ಅವಳ ಗಂಡ ಹೋಗಿದ್ದ, ಮಗು ಹೋಗಿತ್ತು. ಅವಳ ಮಡಿಲಿಗೆ ಒಂದು ಹೆಣ್ಣುಕೂಸನ್ನು ಕೊಟ್ಟರು. ಕೂಸಿನ ಹೆಸರು ಹೂವಿ. ಹೂವಿಯ ತಾಯಿ ಒಬ್ಬ ರೈತನ ಹೆಂಡತಿ. ಜ್ವರ ಏರಿದಾಗ ಅವಳನ್ನು ಗಾಡಿಯಲ್ಲಿ ಅಕ್ಕನ ಊರಿಗೆ ಸಾಗಿಸಿದ್ದರು. ಅಲ್ಲಿ ತೀರಿಕೊಂಡಳೆಂದು ಸುದ್ದಿ ಬಂದಿತ್ತು. ಕರಣಿಕ ಹೂವಿಯ ಗೂಟದಿಂದ ನೇಯ್ಗೆಯವಳ ಗೂಟಕ್ಕೆ ದಾರ ಕಟ್ಟಿದ. ಅಂದಿನಿಂದ ಅವಳು ಹೂವಿಯ ಅವ್ವ. ಅವಳಿಗೆ ಮತ್ತೆ ಒಂದು ಹೆಸರು ಬಂತು.

ಹಗಲಿಡೀ ಅವಳು ನೇಕಾರರ ಕೇರಿಯಲ್ಲಿ ಮಗ್ಗದ ಮುಂದೆ ಇರುತ್ತಿದ್ದಳು. ಮಧ್ಯಾಹ್ನ ಒಮ್ಮೆ ಬಂದು ಹಾಲೂಡಿಸಿ ಹೋಗುತ್ತಿದ್ದಳು. ಸಂಜೆ ಬಂದರೆ ಮಗುವಿನ ಜೊತೆಯಲ್ಲೇ ಮಲಗುತ್ತಿದ್ದಳು. ಅವಳಿಲ್ಲದ ಹೊತ್ತಿನಲ್ಲಿ ಮಗು ಹಿತ್ತಿಲಿನಲ್ಲಿ, ಅಕ್ಕಿ ಆರಿಸುವ ಮುದುಕಿಯ ಪಕ್ಕದಲ್ಲಿ ಇರುತ್ತಿತ್ತು. ಮುದುಕಿಗೆ ಕಣ್ಣು ಮಂದ. ಬೆರಳಿನಲ್ಲೇ ಕಲ್ಲು ಹುಡುಕಿ ತೆಗೆಯುತ್ತಿದ್ದಳು. ಕಾಲಿನಿಂದ ತೊಟ್ಟಿಲು ತೂಗುತ್ತಿದ್ದಳು. ಮಗುವಿಗೆ ನಿದ್ದೆ ಬರಬೇಕಾದರೆ ಮುದುಕಿಯ ಕಿವಿ ಹಿಡಿದುಕೊಳ್ಳಬೇಕಿತ್ತು.

ಕರಣಿಕ ಗೂಟ ಹೊಡೆಸುವಾಗ ಮುದುಕಿಯನ್ನೂ ಕೇಳಿದ್ದ. “ಅಜ್ಜಿ, ನೀನು ಇಲ್ಲಿ ಯಾವ ಮಗುವಿಗೆ ಏನಾಗಬೇಕು?”

“ನಾನೇನು ಆಗಬೇಕಪ್ಪಾ? ಅಕ್ಕಿ ಆರಿಸುತ್ತೇನೆ.”

ಅವಳಿಗೆ ಗೂಟ ಬೇಕಾಗಲಿಲ್ಲ.

ಎರಡು ಮಳೆಗಾಲ ಕಳೆದವು. ಹೂವಿ ನಡೆಯಲು ಕಲಿತಳು. ಅವ್ವ ಎನ್ನಲು ಕಲಿತಳು. ಒಟ್ಟಿಗೆ ಹಾಲೂಡಿಸಿದ ಹೆಂಗಸರಲ್ಲಿ ಬಹಳ ಮಂದಿ ತಂತಮ್ಮ ಮಕ್ಕಳನ್ನು ಕರೆದುಕೊಂಡು ಬೇರೆ ಬೇರೆ ಕಡೆ ಹೋದರು. ನೇಯ್ಗೆಯವಳು ಮಾತ್ರ, ಮಗ್ಗದ ಗುಂಡಿಯ ಪಕ್ಕದಲ್ಲಿ ಮಗು ಆಡುವಷ್ಟು ಜಾಗವಿಲ್ಲ, ಇನ್ನೊಂದು ವರ್ಷ ಇಲ್ಲೇ ಇರಲಿ ಎಂದು ಗೌಡತಿಯನ್ನು ಕೇಳಿಕೊಂಡಿದ್ದಳು.

ಒಂದು ದಿನ ಬಾಗಿಲಿಗೆ ಒಂದು ಗಾಡಿ ಬಂತು. ಅದರಿಂದ ಒಬ್ಬ ಹೆಂಗಸು ಇಳಿದಳು. ಅವಳು ಹೂವಿಯ ತಾಯಿ. ಸತ್ತಳೆಂದು ಬಂದ ಸುದ್ದಿ ಬೇರೆ ಯಾರದ್ದೋ ಆಗಿತ್ತು. ಜ್ವರ ಇಳಿದರೂ ಅವಳಿಗೆ ಬಹಳ ಕಾಲ ಬುದ್ಧಿ ಸ್ಥಿಮಿತಕ್ಕೆ ಬಂದಿರಲಿಲ್ಲ. ಬುದ್ಧಿ ತಿಳಿಯಾದ ದಿನವೇ ಮಗುವನ್ನು ಕೇಳಿದ್ದಳು. ಗಾಡಿಯಲ್ಲಿ ಕುಳಿತುಕೊಳ್ಳುವಷ್ಟು ಶಕ್ತಿ ಬಂದ ಕೂಡಲೇ ಹೊರಟಿದ್ದಳು. ಅವಳ ಗಂಡ ಉಳಿದಿರಲಿಲ್ಲ. ಮನೆ ಕುಸಿದಿತ್ತು. ಉಳಿದದ್ದು ಆ ಮಗುವೊಂದೇ.

ಮನೆಯವರೆಲ್ಲ ಅತ್ತರು. ಸಂತೋಷಕ್ಕೇ ಅತ್ತರು. ಕರಣಿಕ ಗೋಡೆಯ ಮುಂದೆ ಹೋಗಿ ನಿಂತ. ಹೆತ್ತ ತಾಯಿಗೆ ಒಂದು ಹೊಸ ಗೂಟ ಹೊಡೆಸಿದ. ದಾರ ಹಿಡಿದು ಹೂವಿಯ ಗೂಟಕ್ಕೆ ಬಂದ. ಅಲ್ಲಿ ಕಚ್ಚು ಇದ್ದದ್ದು ಒಂದು. ಅದರಲ್ಲಿ ಆಗಲೇ ಒಂದು ದಾರವಿತ್ತು.

ನೇಯ್ಗೆಯವಳು ಮಗುವನ್ನು ಎತ್ತಿಕೊಂಡು ಅಲ್ಲೇ ನಿಂತಿದ್ದಳು.

“ಹೆತ್ತವಳು ಬಂದ ಮೇಲೆ ಈ ಜಾಗ ಅವಳದಲ್ಲವೇ?” ಎಂದ ಕರಣಿಕ.

“ಅವಳದೇ, ಸ್ವಾಮಿ. ನಾನು ಇಲ್ಲ ಎಂದೆನೇ? ನನ್ನ ದಾರವನ್ನು ಅದರ ಪಕ್ಕದಲ್ಲಿ ಎಲ್ಲಾದರೂ ಕಟ್ಟಿ.”

“ಪಕ್ಕದಲ್ಲಿ ಎಲ್ಲಿ ಕಟ್ಟಲಿ? ನಿಲ್ಲಬೇಕಲ್ಲ?”

ಅವನು ಕಲ್ಲುಮನಸ್ಸಿನವನಲ್ಲ. ದಾರವನ್ನು ಕತ್ತರಿಸಲಿಲ್ಲ. ಗಂಟು ಬಿಚ್ಚಿದ, ಸುರುಳಿ ಸುತ್ತಿದ, ಅವಳ ಕೈಗೆ ಕೊಟ್ಟ. ದಾರವಿಲ್ಲದ ಗೂಟ ಗೋಡೆಯಲ್ಲಿ ಇರಬಾರದು ಎಂಬುದು ಅವನದೇ ನಿಯಮ. ಇಲ್ಲದಿದ್ದರೆ ಗೋಡೆ ತುಂಬಿಹೋಗುತ್ತದೆ. ಅವಳ ಗೂಟವನ್ನು ಕಿತ್ತು ಆ ತೂತಿಗೆ ಮಣ್ಣು ತುಂಬಿದ.

ನೇಯ್ಗೆಯವಳು ಮಗುವನ್ನು ತಾಯಿಯ ಕೈಗೆ ಕೊಟ್ಟಳು. ಕೊಡುತ್ತಾ ಹೇಳಿದಳು: “ಗಂಜಿ ಬಿಸಿಯಾಗಿದ್ದರೆ ಕುಡಿಯುವುದಿಲ್ಲ, ಆರಿಸಿ ಕೊಡಬೇಕು. ಬೆಲ್ಲ ಹಾಕಿದರೆ ಉಗುಳುತ್ತಾಳೆ. ಮಲಗುವಾಗ ಇವಳಿಗೆ ಆ ಹಿತ್ತಿಲಿನ—”

“ನಾನು ಹೆತ್ತ ಮಗು,” ಎಂದಳು ತಾಯಿ. “ನನಗೆ ತಿಳಿಯುತ್ತದೆ ಬಿಡು.”

ಅವಳು ಕೆಟ್ಟವಳೆಂದು ತಿಳಿಯಬೇಡ. ಅಷ್ಟು ದೂರದಿಂದ ಬಂದಿದ್ದಳು. ಮಗು ಅವಳ ಕೈಯಲ್ಲಿ ಕೊಸರಾಡುತ್ತಿತ್ತು.

ನೇಯ್ಗೆಯವಳು ಬಿಟ್ಟಳು. ದಾರದ ಸುರುಳಿಯನ್ನು ಸೆರಗಿಗೆ ಕಟ್ಟಿಕೊಂಡು ಕೇರಿಗೆ ಹೋದಳು. ಅಲ್ಲಿ ಜನ ಅವಳನ್ನು ಮತ್ತೆ ಏನೆಂದೂ ಕರೆಯಲಿಲ್ಲ.

ಬಳಲಿ ಬಂದ ತಾಯಿಗೆ ಒಳಗಿನ ಕೋಣೆಯೊಂದನ್ನು ಕೊಟ್ಟರು. ಮಗುವೂ ಆ ಕೋಣೆಗೆ ಹೋಯಿತು. ಹಿತ್ತಿಲಿನ ತೊಟ್ಟಿಲನ್ನು ಅಟ್ಟಕ್ಕೆ ಹಾಕಿದರು.

ಸಂಜೆಯಾದರೆ ಮಗು ಬಾಗಿಲ ಕಡೆ ನೋಡುತ್ತಿತ್ತು. ಯಾರೂ ಬರದಿದ್ದರೆ ಅಳುತ್ತಿತ್ತು. ತಾಯಿ ಎತ್ತಿಕೊಂಡರೆ ಇನ್ನೂ ಅಳುತ್ತಿತ್ತು. ನಿದ್ದೆ ಬಾರದೆ ನರಳುತ್ತಿತ್ತು. ಎರಡು ತುತ್ತು ಉಣ್ಣುತ್ತಿತ್ತು, ಮೂರನೆಯದನ್ನು ಕೈಯಿಂದ ತಳ್ಳುತ್ತಿತ್ತು. ಹೊಸದಾಗಿ ಬಂದವರು ಎಂದರೆ ಮಕ್ಕಳಿಗೆ ಹಾಗೆಯೇ, ಸರಿಹೋಗುತ್ತದೆ ಎಂದು ಮನೆಯವರು ಸಮಾಧಾನ ಹೇಳಿದರು. ನನ್ನ ಮಗುವಿಗೆ ನಾನು ಹೊಸಬಳು ಎಂದು ತಾಯಿ ಗೋಡೆಗೆ ಮುಖ ಮಾಡಿ ಅತ್ತಳು.

ಅತ್ತ ನೇಯ್ಗೆಯವಳಿಗೆ ಮನೆಯಲ್ಲಿ ಕೂರಲಾಗಲಿಲ್ಲ. ಸಂಜೆ ದೊಡ್ಡ ಮನೆಯ ಬಾಗಿಲಿಗೆ ಬಂದಳು.

“ಯಾವ ಮಗು?” ಎಂದು ಆ ವಾರವಷ್ಟೇ ಬಾಗಿಲಿಗೆ ಬಂದಿದ್ದ ಹೊಸ ಕಾವಲುಗಾರ ಕೇಳಿದ.

“ಹೂವಿ.”

ಅವನು ಗೋಡೆ ನೋಡಿ ಬಂದ. “ಹೂವಿಯ ಅವ್ವ ಒಳಗೇ ಇದ್ದಾಳಲ್ಲಮ್ಮಾ. ನೀನು ಯಾರು?”

ಅವಳ ಸೆರಗಿನಲ್ಲಿ ಒಂದು ದಾರವಿತ್ತು. ಅದನ್ನು ತೋರಿಸಿದಳು.

“ದಾರ ನಿನ್ನ ಸೆರಗಿನಲ್ಲಿದ್ದರೆ ನಾನು ಏನು ಮಾಡಲಿ ತಾಯಿ? ಗೋಡೆಯಲ್ಲಿ ಇರಬೇಕು.”

ಅವನು ಹೇಳಿದ್ದು ಸರಿಯಾಗಿತ್ತು. ಅವಳು ಹಿಂದೆ ಸರಿದಳು. ಬಾಗಿಲ ಹೊರಗೆ ಒಂದು ಕಲ್ಲುಬೆಂಚು ಇತ್ತು. ಅದರ ಮೇಲೆ ಕುಳಿತಳು. ಅಲ್ಲಿಗೆ ಒಳಗಿನ ಮಕ್ಕಳ ಸದ್ದು ಕೇಳುತ್ತಿತ್ತು. ಒಂದು ಅಳು ಅವಳಿಗೆ ಗುರುತು ಸಿಕ್ಕಿತು. ಮಾರನೆಯ ದಿನವೂ ಬಂದಳು. ಅದರ ಮಾರನೆಯ ದಿನ ಬೆಳಿಗ್ಗೆಯೇ ಬಂದಳು. ಕಾವಲುಗಾರನನ್ನು ಮತ್ತೆ ಏನೂ ಕೇಳಲಿಲ್ಲ. ಅವನೂ ಅವಳನ್ನು ಏಳಿಸಲಿಲ್ಲ. ಬೆಂಚಿನ ಮೇಲೆ ಕೂರಬಾರದು ಎಂದು ಯಾರೂ ಅವನಿಗೆ ಹೇಳಿರಲಿಲ್ಲ.

ಮಗುವಿಗೆ ಜ್ವರ ಬಂತು. ವೈದ್ಯ ಬಂದು ನೋಡಿದ. ಔಷಧ ಇದೆ, ಆದರೆ ಹೊಟ್ಟೆಯಲ್ಲಿ ಏನಾದರೂ ನಿಲ್ಲಬೇಕು, ನಿದ್ದೆ ಬರಬೇಕು, ಅಷ್ಟಾದರೆ ಮಗು ಗೆಲ್ಲುತ್ತದೆ ಎಂದ. ಕೋಣೆಯಲ್ಲಿ ಜನ ಸೇರಬಾರದು ಎಂದೂ ಹೇಳಿದ. ಮಗು ಔಷಧ ಉಗುಳಿತು. ಗಂಜಿ ಉಗುಳಿತು. ಅವ್ವ ಅವ್ವ ಎಂದಿತು. ತಾಯಿ “ಇಲ್ಲೇ ಇದ್ದೇನೆ ಮಗಾ” ಎಂದಳು. ಮಗು ಅವಳನ್ನು ನೋಡಿ, ಅವಳ ಹೆಗಲಿನಾಚೆ ಬಾಗಿಲನ್ನು ನೋಡಿ, ಮತ್ತೆ ಅವ್ವ ಎಂದಿತು.

ಆಗ ತಾಯಿ ಎದ್ದಳು. ಕರಣಿಕನ ಮುಂದೆ ಹೋಗಿ ನಿಂತಳು.

“ಅವಳನ್ನು ಕರೆಸಿ. ನನ್ನ ಮಗು ಕರೆಯುತ್ತಿರುವುದು ನನ್ನನ್ನಲ್ಲ. ಅವಳು ಬರಲಿ, ಉಣ್ಣಿಸಲಿ, ಇಲ್ಲೇ ಇರಲಿ. ನಾನು ಕೋಣೆಯ ಹೊರಗೆ ಕೂರುತ್ತೇನೆ.”

ಕರಣಿಕ ಗೋಡೆಗೆ ಓಡಿದ. ಹೂವಿಯ ಗೂಟದಿಂದ ಹೊರಟ ದಾರ ಒಂದೇ. ಅದು ಈಗತಾನೇ ತನ್ನ ಮುಂದೆ ನಿಂತು ಬೇಡಿದವಳ ಗೂಟಕ್ಕೇ ಹೋಗುತ್ತಿತ್ತು. ನೇಯ್ಗೆಯವಳ ಗೂಟ ಇದ್ದ ಜಾಗದಲ್ಲಿ ಮಣ್ಣು ಒಣಗಿತ್ತು. ಕಿತ್ತ ಗೂಟಗಳ ಬುಟ್ಟಿಯನ್ನು ಸುರಿದು ನೋಡಿದ. ಎಲ್ಲವೂ ಒಂದೇ ತರಹ. ಯಾವುದರ ಮೇಲೂ ಹೆಸರಿಲ್ಲ.

ಹೊಲದ ಆಳುಗಳನ್ನು ಕರೆದ. ಅವರು ಅವಳ ಮುಖ ನೋಡಿದವರಲ್ಲ. “ನೇಕಾರರ ಕೇರಿಗೆ ಹೋಗಿ. ಇಲ್ಲಿ ಹಾಲೂಡಿಸಲು ಬರುತ್ತಿದ್ದವಳು. ಮಗು ಕಳೆದುಕೊಂಡವಳು. ಇದ್ದ ಹಾಗೆ ಕರೆತನ್ನಿ,” ಎಂದ.

ಆಳುಗಳು ಬಾಗಿಲಿನಿಂದ ಓಡುತ್ತಾ ಹೊರಬಂದರು. ಕಲ್ಲುಬೆಂಚಿನ ಮೇಲೆ ಕುಳಿತಿದ್ದ ಒಬ್ಬ ಹೆಂಗಸು ಎದ್ದು ಅಡ್ಡ ಬಂದಳು.

“ಒಳಗೆ ಎಲ್ಲರೂ ಚೆನ್ನಾಗಿದ್ದಾರಾ ಅಣ್ಣಾ? ಒಂದು ಮಗು ಬಹಳ ಅಳುತ್ತಿತ್ತು. ಈಗ ಕೇಳಿಸುತ್ತಿಲ್ಲ.”

“ಪಕ್ಕಕ್ಕೆ ಸರಿ ತಾಯಿ. ಯಾರನ್ನೋ ಹುಡುಕಬೇಕು, ಅವಸರ.”

ಅವಳು ಪಕ್ಕಕ್ಕೆ ಸರಿದಳು.

ಕೇರಿಯಲ್ಲಿ ಆಳುಗಳು ಮನೆ ಮನೆಯ ಮುಂದೆ ನಿಂತು ಕೇಳಿದರು. “ಮಗು ಕಳೆದುಕೊಂಡ ನೇಯ್ಗೆಯವಳು ಯಾರು?”

ಒಬ್ಬ ಮುದುಕ ಮಗ್ಗ ನಿಲ್ಲಿಸಿದ. “ಕಳೆದುಕೊಳ್ಳದವಳು ಯಾರು ಎಂದು ಕೇಳಪ್ಪಾ. ಬೇಗ ಹೇಳಿ ಮುಗಿಸುತ್ತೇನೆ.”

“ದೊಡ್ಡ ಮನೆಯಲ್ಲಿ ಹೂವಿಗೆ ಹಾಲೂಡಿಸಿದವಳು.”

“ಅವಳಾ? ಆ ಕೊನೆಯ ಮನೆ. ಆದರೆ ಬಾಗಿಲು ಹಾಕಿದೆ ನೋಡು. ಈಗೀಗ ಅವಳು ಮನೆಯಲ್ಲೇ ಇರುವುದಿಲ್ಲ. ಎಲ್ಲಿಗೆ ಹೋಗುತ್ತಾಳೋ!”

ಆಳುಗಳು ಕೆರೆಯ ಕಡೆ ಹುಡುಕಿದರು. ಬಾವಿಗಳಿಗೆ ಇಣುಕಿ ನೋಡಿದರು. ಕೂಗಲು ಅವರಿಗೆ ಒಂದು ಹೆಸರು ಇರಲಿಲ್ಲ. ಏ ತಾಯಿ, ಏ ತಾಯಿ ಎಂದು ಕೂಗಿದರು. ನೀರಿಗೆ ಬಂದಿದ್ದ ಹೆಂಗಸರೆಲ್ಲ ತಿರುಗಿ ನೋಡಿದರು.

ಕೋಣೆಯ ಬಾಗಿಲಿಗೆ ಅಕ್ಕಿ ಆರಿಸುವ ಮುದುಕಿ ಗೋಡೆ ತಡವಿಕೊಂಡು ಬಂದಳು. ಅಲ್ಲಿ ನಿಂತಿದ್ದ ಆರೈಕೆಯವಳು ತಡೆದಳು.

“ಒಳಗೆ ಯಾರೂ ಹೋಗಬಾರದು ಅಜ್ಜಿ. ನೀನು ಮಗುವಿಗೆ ಏನಾಗಬೇಕು?”

“ಏನೂ ಇಲ್ಲವ್ವಾ.”

“ಮತ್ತೆ? ಹೋಗು, ನಿನ್ನ ಕೆಲಸ ನೋಡಿಕೋ.”

ಮುದುಕಿ ಹಿತ್ತಿಲಿಗೆ ಹೋದಳು.

ಒಳಗೆ ಮಗು ಕೈ ಚಾಚಿ ಏನನ್ನೋ ಹುಡುಕುತ್ತಿತ್ತು. ತಾಯಿ ತನ್ನ ಬೆರಳು ಕೊಟ್ಟಳು. ಹಿಡಿದು ಬಿಟ್ಟಿತು. ಸೆರಗು ಕೊಟ್ಟಳು. ಹಿಡಿದು ಬಿಟ್ಟಿತು. ಅವಳ ಕೆನ್ನೆಯ ಪಕ್ಕದವರೆಗೆ ಕೈ ತಂದಿತು. ಅಲ್ಲಿಂದ ಕೈ ಕೆಳಗೆ ಬಿತ್ತು.

ಬಿಸಿಲು ನೆತ್ತಿಯ ಮೇಲಿರುವಾಗ ಮಗು ಹೋಯಿತು.

ಚಿಕ್ಕ ಮಗುವಿಗೆ ಚಟ್ಟ ಕಟ್ಟುವುದಿಲ್ಲ. ಕೈಯಲ್ಲೇ ಎತ್ತಿಕೊಂಡು ಹೋಗುತ್ತಾರೆ. ತಾಯಿ ಯಾರಿಗೂ ಕೊಡಲಿಲ್ಲ, ತಾನೇ ಎತ್ತಿಕೊಂಡಳು. ಬಾಗಿಲು ದಾಟಿದಳು. ಕಲ್ಲುಬೆಂಚಿನ ಮೇಲಿದ್ದವಳು ಎದ್ದು ನಿಂತಳು.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು.

“ಎಲ್ಲಿಗೆ ಹೋಗಿದ್ದೆ?” ಎಂದಳು ತಾಯಿ.

“ಇಲ್ಲೇ ಇದ್ದೆ.”

ತಾಯಿ ಮಗುವನ್ನು ಅವಳ ಕೈಗೆ ಕೊಟ್ಟಳು. ನೇಯ್ಗೆಯವಳು ಎತ್ತಿಕೊಂಡು ಮುಂದೆ ನಡೆದಳು. ತಾಯಿ ಅವಳ ಸೆರಗು ಹಿಡಿದುಕೊಂಡು ಜೊತೆಯಲ್ಲಿ ನಡೆದಳು. ಹೆಂಗಸರು ಮಣ್ಣಿಗೆ ಬರಬಾರದು ಎಂಬ ನಿಯಮ ಆ ಊರಿನಲ್ಲಿತ್ತು. ಅಂದು ಯಾರೂ ಅದನ್ನು ನೆನಪಿಸಲಿಲ್ಲ. ಗುಂಡಿಯ ಹತ್ತಿರ ನೇಯ್ಗೆಯವಳು ಸೆರಗಿನ ಗಂಟು ಬಿಚ್ಚಿದಳು. ಆ ಕೆಂಪು ದಾರವನ್ನು ಮಗುವಿನ ಒಂದು ಮಣಿಕಟ್ಟಿಗೆ ಸುತ್ತಿದಳು. ಉಳಿದ ತುದಿಯನ್ನು ತಾಯಿಯ ಕೈಗೆ ಕೊಟ್ಟಳು. ತಾಯಿ ಇನ್ನೊಂದು ಮಣಿಕಟ್ಟಿಗೆ ಸುತ್ತಿದಳು.

ಕರಣಿಕ ಹಿಂತಿರುಗಿ ಬಂದು ಗೋಡೆಯ ಮುಂದೆ ನಿಂತ. ತಪ್ಪು ಹುಡುಕಿದ. ತಪ್ಪಾಗಿ ಕಟ್ಟಿದ ದಾರ ಗೋಡೆಯಲ್ಲಿ ಒಂದೂ ಇರಲಿಲ್ಲ. ಆಮೇಲೆ ಅವನಿಗೆ ಕಚ್ಚು ಕಂಡಿತು. ಬಡಗಿಯನ್ನು ಕರೆಸಿದ.

“ಮಕ್ಕಳ ಗೂಟಗಳನ್ನೆಲ್ಲ ಕೀಳು. ಎರಡೆರಡು ಕಚ್ಚು ಹಾಕು. ಹೆತ್ತವಳಿಗೆ ಒಂದು, ಸಾಕಿದವಳಿಗೆ ಒಂದು,” ಎಂದ.

ಬಡಗಿ ಈ ಸಲ ತಮಾಷೆ ಮಾಡಲಿಲ್ಲ. ಹೇಳಿದಷ್ಟು ಮಾಡಿ ಕೊಟ್ಟ. ಹೆಂಗಸರ ಗೂಟಗಳ ಮೇಲೆ ಅವರವರ ಹೆಸರನ್ನೂ ಕೇಳಿ ಕೇಳಿ ಬರೆಸಿದರು. ಕೆಲವರು ತಮ್ಮ ಹೆಸರನ್ನು ನೆನಪಿಸಿಕೊಳ್ಳಲು ಹೊತ್ತು ತೆಗೆದುಕೊಂಡರು. ಕರಣಿಕನಿಗೆ ಸ್ವಲ್ಪ ಸಮಾಧಾನವಾಯಿತು.

ಹಿತ್ತಿಲಿನಲ್ಲಿ ಮುದುಕಿ ಅಂದು ಅಕ್ಕಿ ಆರಿಸಲಿಲ್ಲ. ಮೊರವನ್ನು ಮುಂದಿಟ್ಟುಕೊಂಡು, ಒಂದು ಕೈಯಲ್ಲಿ ತನ್ನ ಕಿವಿಯನ್ನು ಹಿಡಿದುಕೊಂಡು ಕುಳಿತಿದ್ದಳು. ಅಡುಗೆಯವರು ಬಂದು ಆರಿಸದ ಅಕ್ಕಿಯನ್ನೇ ತೆಗೆದುಕೊಂಡು ಹೋದರು.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯೆ ಕಣ್ಣು ಒರೆಸಿಕೊಂಡಳು. ತನ್ನ ನಕ್ಷೆಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಪೆನ್ಸಿಲಿನ ಸುತ್ತಿನ ಒಳಗಿದ್ದ ‘ಒಂದು’ ಎಂಬುದನ್ನು ರಬ್ಬರಿನಿಂದ ಅಳಿಸಿದಳು.

“ಕೊನೆಗಾದರೂ ಕರಣಿಕ ಸರಿಪಡಿಸಿದನಲ್ಲ, ಅಮ್ಮಾ. ಬಡಗಿ ಕೇಳಿದ ದಿನವೇ ಎರಡು ಕಚ್ಚು ಹಾಕಿಸಿದ್ದರೆ ಸಾಕಿತ್ತು. ನಾನೂ ಇಲ್ಲಿ ಎರಡು ಎಂದು ಬರೆಯುತ್ತೇನೆ,” ಎಂದಳು.

ಗುರುಗಳು ಅವಳ ಮುಖ ನೋಡಿದರು.

“ಎರಡು ಸಾಕೇ ಎಂದು ಅಕ್ಕಿ ಆರಿಸುವ ಮುದುಕಿಯನ್ನು ಕೇಳಿದೆಯಾ?”